ರಿಯೂನಿಯನ್ ದಡಕ್ಕೆ ಬಂದ ರೆಕ್ಕೆಯ ತುಂಡು: ಕಣಗಳ ಹಿಂದೆ ಒಂದು ಹುಡುಕಾಟ

ಸಾಯಂಕಾಲ ಆಫೀಸಿನಿಂದ ಹೊರಡೋ ಮುಂಚೆ ಮ್ಯಾಪ್ ನೋಡ್ತೀವಿ, ರಸ್ತೆಯೆಲ್ಲ ಹಸಿರು. ಹಿಂಜವಡಿ ದಾಟೋ ಹೊತ್ತಿಗೆ ಅದೇ ರಸ್ತೆ ಕೆಂಪು. ಮ್ಯಾಪ್ ಸುಳ್ಳು ಹೇಳಿರಲಿಲ್ಲ, ಆ ಕ್ಷಣದ ಚಿತ್ರ ತೋರಿಸಿತ್ತು, ಅಷ್ಟೆ.

ಹರಿವಿನ ಲೆಕ್ಕದಲ್ಲೂ ಇದೇ ಎಡವಟ್ಟು. ಒಂದು ಕ್ಷಣದ ವೇಗದ ಬಾಣಗಳನ್ನ ಹಿಡಿದು ಎಳೆದ ಗೆರೆ ಸ್ಟ್ರೀಮ್‌ಲೈನ್. ಒಂದು ಕಣ ನಿಜವಾಗಿ ಹೋದ ದಾರಿ ಪಾತ್‌ಲೈನ್. ಊದುಬತ್ತಿ ತುದಿಯಿಂದ ಏಳೋ ಹೊಗೆಯ ಎಳೆ ಇದೆಯಲ್ಲ, ಅದು ಸ್ಟ್ರೀಕ್‌ಲೈನ್. ಹರಿವು ಬದಲಾಗದಿದ್ರೆ ಮೂರೂ ಒಂದೇ. ಬದಲಾಗ್ತಾ ಇದ್ರೆ ಮೂರಕ್ಕೂ ಮೂರು ದಾರಿ.

2014ರ ಮಾರ್ಚ್ 8ರಂದು ಎಂಎಚ್370 ವಿಮಾನ 239 ಜನರ ಸಮೇತ ಕಾಣೆಯಾಯ್ತು. ಅವರಲ್ಲಿ ಐವರು ಭಾರತೀಯರು. 508 ದಿನ ಆದ್ಮೇಲೆ ರಿಯೂನಿಯನ್ ದ್ವೀಪದ ದಡದಲ್ಲಿ ರೆಕ್ಕೆಯ ಒಂದು ಭಾಗ, ಫ್ಲಾಪೆರಾನ್, ಸಿಕ್ತು. ಎಲ್ಲಿಂದ ತೇಲಿ ಬಂತು?

ಕಾಲವನ್ನ ಹಿಂದಕ್ಕೆ ಓಡಿಸಿದ್ರೆ ಆಯ್ತಲ್ಲ ಅನ್ಸುತ್ತೆ. ಆಗಲ್ಲ. ಸಮುದ್ರದ ತುಂಬ ಸುಳಿಗಳು. ಇವತ್ತು ಅಕ್ಕಪಕ್ಕ ಇರೋ ಎರಡು ಕಣ ಕೆಲವು ತಿಂಗಳಲ್ಲಿ ನೂರಾರು ಕಿಲೋಮೀಟರ್ ದೂರ ಆಗಿರುತ್ವೆ. ಒಂದೇ ಗೆರೆ ಎಳೆದು ತೋರಿಸಿದ್ರೆ ಅದು ಚಿತ್ರ ಅಲ್ಲ, ಕಣಿ.

ಹಾಗಾಗಿ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ವಿಜ್ಞಾನಿಗಳು ವಿಮಾನ ಬಿದ್ದಿರಬಹುದಾದ ಬೇರೆ ಬೇರೆ ಜಾಗಗಳಿಂದ ಕಂಪ್ಯೂಟರಿನಲ್ಲಿ ರಾಶಿ ರಾಶಿ ಕಣಗಳನ್ನ ಬಿಟ್ಟು, ದಿನದಿನದ ಪ್ರವಾಹ, ಗಾಳಿಯ ಜತೆ ಮುಂದಕ್ಕೆ ನಡೆಸಿದ್ರು. ಯಾವ ಜಾಗದ ಕಣಗಳು ಆಫ್ರಿಕಾ ಕಡೆ ಸರಿಯಾದ ಹೊತ್ತಿಗೆ ಮುಟ್ತವೆ ಅಂತ ನೋಡಿದ್ರು. ಪಶ್ಚಿಮ ಆಸ್ಟ್ರೇಲಿಯಾ ದಡದಲ್ಲಿ ಏನೂ ಸಿಗದೇ ಇದ್ದದ್ದೂ ಅವರಿಗೆ ಸುಳಿವೇ ಆಯ್ತು.

ನನಗೆ ತುಂಬ ಹಿಡಿಸಿದ್ದು ಇನ್ನೊಂದು. ಫ್ಲಾಪೆರಾನ್ ನೀರಿನ ಜತೆ ಮಾತ್ರ ಹೋಗಲ್ಲ, ಗಾಳಿನೂ ತಳ್ಳುತ್ತೆ. ಎಷ್ಟು? ಮೊದಲು ಮಾದರಿಗಳನ್ನ ತೇಲಿಸಿದ್ರು. ಆಮೇಲೆ ಬೋಯಿಂಗ್ 777ರ ನಿಜವಾದ ಫ್ಲಾಪೆರಾನ್ ತಂದು, ದಡಕ್ಕೆ ಬಂದದ್ದರ ಹಾಗೇ ಕತ್ತರಿಸಿ ಸಮುದ್ರಕ್ಕೆ ಬಿಟ್ರು. ಅದು ಗಾಳಿಯ ದಿಕ್ಕಿಗಿಂತ ಸುಮಾರು 20 ಡಿಗ್ರಿ ಎಡಕ್ಕೆ, ಅಂದುಕೊಂಡಿದ್ದಕ್ಕಿಂತ ಜೋರಾಗಿ ಹೋಯ್ತು. ಅದನ್ನ ಲೆಕ್ಕಕ್ಕೆ ಸೇರಿಸಿದ್ಮೇಲೆ 2015ರ ಜುಲೈಯಲ್ಲಿ ರಿಯೂನಿಯನ್ ತಲುಪಿದ್ದು ಸರಿಯಾಗಿ ಹೊಂದಿತು. ಸಾಲ್ವರ್ ಎಷ್ಟೇ ಚೆನ್ನಾಗಿರಲಿ, ಕಣ ಏನು ಅಂತ ಗೊತ್ತಿಲ್ದಿದ್ರೆ ದಾರಿ ತಪ್ಪೇ.

ಅವರ ಬೆರಳು ನಿಂತದ್ದು ದಕ್ಷಿಣಕ್ಕೆ 35 ಡಿಗ್ರಿ ಅಕ್ಷಾಂಶದ ಹತ್ತಿರ, ಅಷ್ಟರವರೆಗೆ ಜಾಲಾಡಿದ್ದ 1,20,000 ಚದರ ಕಿಲೋಮೀಟರಿನ ಆಚೆ. 2018ರಲ್ಲಿ ಅಲ್ಲೂ ಹುಡುಕಿದ್ರು. ವಿಮಾನ ಸಿಗಲಿಲ್ಲ.