ಪಾಕ್ ಕೊಲ್ಲಿಯ ಆಚೆ ದಡದವರು



ರಾಮೇಶ್ವರದ ಬೋಟುಗಳನ್ನು ಶ್ರೀಲಂಕಾ ನೌಕಾಪಡೆ ಹಿಡಿದ ಸುದ್ದಿ ಬಂದಾಗಲೆಲ್ಲ ಕರ್ನಾಟಕ ಕರಾವಳಿಯ ಮೀನುಗಾರರಾದ ನಾವು ಸಮ್ಮೇಳನದಲ್ಲಿ ಒಂದೇ ನಿರ್ಣಯ ಮಾಡುತ್ತ ಬಂದಿದ್ದೇವೆ: ಬಂಧಿತರನ್ನು ಬಿಡಿ, ಬೋಟು ಮರಳಿಸಿ. ಆ ಬೇಡಿಕೆಯಲ್ಲಿ ತಪ್ಪಿಲ್ಲ. ಬೋಟು ಹೋದರೂ ಸಾಲ ಉಳಿಯುತ್ತದೆ. ಜೈಲು ಸೇರುವವರಲ್ಲಿ ಹೆಚ್ಚಿನವರು ಮಾಲೀಕರಲ್ಲ, ಪಾಲಿಗೆ ದುಡಿಯುವ ಕಲಾಸಿಗಳು. ಆದರೆ ಅಷ್ಟನ್ನೇ ಹೇಳಿ ಕೂರಲು ಇವತ್ತು ನನ್ನ ಮನಸ್ಸು ಒಪ್ಪುತ್ತಿಲ್ಲ.

1974ರ ಜೂನ್‌ನಲ್ಲಿ ಇಂದಿರಾ ಗಾಂಧಿ ಮತ್ತು ಶ್ರೀಲಂಕಾದ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಸಹಿ ಹಾಕಿದ ಒಪ್ಪಂದ ಎರಡು ದೇಶಗಳ ನಡುವಿನ ಪಾಕ್ ಕೊಲ್ಲಿಯಲ್ಲಿ ಗಡಿಗೆರೆ ಎಳೆಯಿತು. 285 ಎಕರೆಯ ಕಚ್ಚತೀವು ಶ್ರೀಲಂಕಾದ ಕಡೆಗೆ ಹೋಯಿತು. ಜನವಸತಿಯಿಲ್ಲದ ದ್ವೀಪ ಅದು. ಸಂತ ಅಂತೋಣಿಯ ಚರ್ಚೊಂದಿದೆ, ವರ್ಷಕ್ಕೊಮ್ಮೆ ಅದರ ಹಬ್ಬಕ್ಕೆ ಎರಡೂ ದಡದ ಜನ ಸೇರುತ್ತಾರೆ. 1976ರಲ್ಲಿ, ಒಬ್ಬರ ನೀರಿನಲ್ಲಿ ಇನ್ನೊಬ್ಬರು ಮೀನು ಹಿಡಿಯಕೂಡದು ಎಂದಾಯಿತು. ಬಲೆ ಎಳೆಯುವವರ ಸಹಿ ಆ ಯಾವ ಕಾಗದದಲ್ಲೂ ಇಲ್ಲ. ಕಚ್ಚತೀವು ಮರಳಿ ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತು ಚುನಾವಣೆಯ ಹೊತ್ತಿಗೆ ಜೋರಾಗುತ್ತದೆ. ನಾನು ನಂಬುವುದಿಲ್ಲ. ಕಡಲತಳಕ್ಕೆ ಬಲೆ ಬಿಟ್ಟು ಎಳೆಯುವ ರಾಮೇಶ್ವರದ ಟ್ರಾಲ್ ಬೋಟುಗಳು ಸಿಗಡಿ ಹುಡುಕಿಕೊಂಡು ಆ ದ್ವೀಪವನ್ನೂ ದಾಟಿ ಶ್ರೀಲಂಕಾದ ನೆಡುಂತೀವು ದ್ವೀಪದ ಆಚೆಗೆ ಹೋಗುತ್ತವೆ.

ಆಚೆ ದಡದಲ್ಲಿ ಯಾರಿದ್ದಾರೆ? ಜಾಫ್ನಾ, ಮನ್ನಾರ್ ಕಡೆಯ ಮೀನುಗಾರರು. ರಾಮೇಶ್ವರದವರಂತೆ ಅವರ ಮಾತೂ ತಮಿಳೇ. 1983ರಿಂದ 2009ರವರೆಗೆ ಶ್ರೀಲಂಕಾದ ಅಂತರ್ಯುದ್ಧ ಅವರನ್ನು ಬಹುಮಟ್ಟಿಗೆ ಕಡಲಿನಿಂದ ದೂರವಿಟ್ಟಿತ್ತು. ಯುದ್ಧ ಮುಗಿದ ಮೇಲೆ ಸಾಲ ಮಾಡಿ ಸಣ್ಣ ಫೈಬರ್ ದೋಣಿ, ಬಲೆ ಕೊಂಡರು. ಸಂಜೆ ಬಲೆ ಬಿಟ್ಟು ಕಾಯುತ್ತಾರೆ. ರಾತ್ರಿ ಟ್ರಾಲ್ ಬೋಟು ಆ ಜಾಗದಲ್ಲಿ ಹಾದರೆ, ಬೆಳಗ್ಗೆ ಅವರ ಕೈಗೆ ಬರುವುದು ತುಂಡಾದ ಹಗ್ಗ, ನಾಲ್ಕೈದು ತೇಲುಬುರುಡೆ. ಸಾಲದ ಕಂತು ಮಾತ್ರ ಇಡಿಯಾಗಿ ಉಳಿಯುತ್ತದೆ. ಪಾಕ್ ಕೊಲ್ಲಿ ಆಳವಿಲ್ಲದ ಕಡಲು. ಅಲ್ಲಿ ಟ್ರಾಲ್ ಬಲೆ ನೆಲ ಕೆರೆಯುತ್ತ ಹೋದರೆ ಮರಿ, ಮೊಟ್ಟೆ, ಕಡಲಹುಲ್ಲು ಯಾವುದೂ ಉಳಿಯುವುದಿಲ್ಲ. ಶ್ರೀಲಂಕಾ 2017ರಲ್ಲಿ ಹೀಗೆ ತಳ ಕೆರೆಯುವ ಟ್ರಾಲ್ ಮೀನುಗಾರಿಕೆಯನ್ನೇ ನಿಷೇಧಿಸಿತು. ಆ ಕಾನೂನಿನ ಹಿಂದೆ ಈ ಬಡವರ ಕೂಗೂ ಇದೆ.

ಇದು ನಮಗೆ ಗೊತ್ತಿಲ್ಲದ ಕಥೆಯೇ? ನನ್ನ ತಂದೆ ರಂಪಣಿ ಎಳೆದವರು. ಊರಿಗೆ ಊರೇ ಎರಡು ತುದಿಗೆ ನಿಂತು ಎಳೆಯುತ್ತಿದ್ದ ಬಲೆ ಅದು. ಅವರ ಅಂಗೈಯಲ್ಲಿ ಹಗ್ಗ ಕೊರೆದ ಗಾಯ ಗಟ್ಟಿಯಾಗಿ ಚರ್ಮದ ಬಣ್ಣವೇ ಬೇರೆಯಾಗಿತ್ತು. 1970ರ ದಶಕದ ನಡುವೆ ನಮ್ಮ ಕರಾವಳಿಗೆ ಪರ್ಸೀನ್ ಬೋಟುಗಳು ಬಂದವು. ಬಂಗುಡೆ, ಬೂತಾಯಿ ದಡ ಮುಟ್ಟುವ ಮೊದಲೇ ಆಳದಲ್ಲೇ ಆ ಬೋಟುಗಳ ಸುತ್ತುಬಲೆಗೆ ಸಿಕ್ಕವು. ಕೆಲವೇ ವರ್ಷಗಳಲ್ಲಿ ರಂಪಣಿ ಚಪ್ಪರ ಸೇರಿತು. ಅಲ್ಲಿ ಯಾವ ದೇಶದ ಗಡಿಯೂ ಇರಲಿಲ್ಲ. ದೊಡ್ಡ ಬಲೆ, ಸಣ್ಣ ಬಲೆ, ಅಷ್ಟೇ. ಹಾಗಾಗಿ ಜಾಫ್ನಾದವರ ಸಿಟ್ಟು ನನಗೆ ಪರದೇಶದ ಸಿಟ್ಟಾಗಿ ಕೇಳಿಸುವುದಿಲ್ಲ.

ಈ ಸಭೆಯಲ್ಲಿ ಟ್ರಾಲ್ ಬೋಟಿನವರೂ ಇದ್ದೀರಿ. ನಿಮ್ಮನ್ನು ದೂರಲು ನಾನು ನಿಂತಿಲ್ಲ. ಸಬ್ಸಿಡಿ ಕೊಟ್ಟು, ಸಿಗಡಿ ರಫ್ತಿನ ಆಸೆ ತೋರಿಸಿ ಟ್ರಾಲ್ ಹಾಕಿಸಿದ್ದೇ ಸರ್ಕಾರಗಳು. ಬಿಡಿಸುವ ಹೊಣೆಯೂ ಅವುಗಳದ್ದೇ. 2017ರಲ್ಲಿ ಪಾಕ್ ಕೊಲ್ಲಿಯವರಿಗೆ ಆಳಸಮುದ್ರದ ಬೋಟಿನ ಯೋಜನೆ ಬಂತು. 80 ಲಕ್ಷ ರೂಪಾಯಿಯ ಬೋಟಿಗೆ ಶೇ. 70 ಸಬ್ಸಿಡಿ. ಕಾಗದದಲ್ಲಿ ಚೆಂದ. ಆದರೆ ಇವತ್ತು ಹೋಗಿ ನಾಳೆ ದಡ ಸೇರುವ ರಾಮೇಶ್ವರದ ಬೋಟು ನಡೆಸುವ ತಾಂಡೇಲನಿಗೆ ವಾರಗಟ್ಟಲೆ ಆಳದಲ್ಲಿದ್ದು ಟ್ಯೂನಾ ಹಿಡಿಯುವುದು ಹೊಸ ಕಸುಬೇ. ಕಲಿಸುವವರು ಬೇಕು, ಮೊದಲ ಎರಡು ವರ್ಷದ ನಷ್ಟ ಹೊರುವವರು ಬೇಕು, ದಡದಲ್ಲಿ ಐಸು, ಒಳ್ಳೆಯ ದರ ಬೇಕು. ಇವನ್ನೆಲ್ಲ ಬಿಟ್ಟು ಬೋಟು ಮಾತ್ರ ಕೊಟ್ಟರೆ ಆತ ಮತ್ತೆ ಹಳೆಯ ದಾರಿಯನ್ನೇ ಹಿಡಿಯುತ್ತಾನೆ.

2016ರಲ್ಲಿ ದೆಹಲಿಯಲ್ಲಿ ಎರಡೂ ದೇಶದ ಮೀನುಗಾರರನ್ನು ಎದುರುಬದುರು ಕೂರಿಸಿದ್ದರು. ಅಂಥ ಮಾತುಕತೆ ಪ್ರತಿ ವರ್ಷ ನಡೆಯಬೇಕು, ಅಧಿಕಾರಿಗಳು ಪಕ್ಕದಲ್ಲಿ ಕೂತು ಕೇಳಬೇಕು.

ನಿಮ್ಮ ಮುಂದಿರುವ ನಿರ್ಣಯದ ಕರಡಿನಲ್ಲಿ ಬಂಧಿತರ ಬಿಡುಗಡೆಯ ಸಾಲಿದೆ, ಇರಲಿ. ಅದರ ಕೆಳಗೆ ಇನ್ನೆರಡು ಸಾಲು ಸೇರಿಸಲು ಅನುಮತಿ ಕೇಳುತ್ತೇನೆ: ಪಾಕ್ ಕೊಲ್ಲಿಯಲ್ಲಿ ಟ್ರಾಲ್ ನಿಲ್ಲಬೇಕು, ಟ್ರಾಲ್ ಬಿಟ್ಟವರಿಗೆ ಪೂರ್ತಿ ಪರಿಹಾರ ಸಿಗಬೇಕು. ನಮ್ಮ ಮುಂದಿನ ಸಮ್ಮೇಳನಕ್ಕೆ ಜಾಫ್ನಾದ ಮೀನುಗಾರರನ್ನು ಕರೆಯಬೇಕು. ಕಾರ್ಯದರ್ಶಿಗಳು ತಿದ್ದಿದ ಕರಡನ್ನು ಓದಲಿ, ಒಪ್ಪುವವರು ಕೈ ಎತ್ತಿ.