ಎಲುಬಿನ ಹಾದಿಯಲ್ಲಿ ಬರುವ ದನಿ



ರೇಡಿಯೋಗಾಗಿ ಮೊದಲ ಬಾರಿ ನನ್ನ ಭಾಷಣವೊಂದು ಮುದ್ರಿತವಾಗಿ, ಅದು ಪ್ರಸಾರವಾದ ದಿನ ಮನೆಯವರೆಲ್ಲರೊಡನೆ ಕುಳಿತು ಕೇಳಿದೆ. ನನಗಾದ ಆಶ್ಚರ್ಯ ಅಷ್ಟಿಷ್ಟಲ್ಲ. "ಇದು ಯಾರ ದನಿ? ನನ್ನದು ಇಷ್ಟು ತೆಳುವಾಗಿಲ್ಲವಲ್ಲ!" ಎಂದೆ. ಮನೆಯಾಕೆ ನಕ್ಕು, "ಇಪ್ಪತ್ತೈದು ವರ್ಷದಿಂದ ನಾವು ಕೇಳುತ್ತಿರುವುದು ಇದನ್ನೇ" ಎಂದಳು. ತರಗತಿಯಲ್ಲಿ ಹಳಗನ್ನಡ ಪದ್ಯ ಓದುವಾಗ ನನ್ನ ಕಂಠ ಬಹು ಗಂಭೀರವೆಂದು ನಾನೊಬ್ಬನೇ ನಂಬಿಕೊಂಡಿದ್ದೆನೆಂದು ಅಂದು ತಿಳಿಯಿತು.

ಇದರಲ್ಲಿ ರೇಡಿಯೋದ ತಪ್ಪೇನೂ ಇಲ್ಲ. ನನ್ನ ಮಾತು ನಿಮಗೆ ಗಾಳಿಯ ಮೂಲಕ ಬರುತ್ತದೆ. ನನಗಾದರೋ ಗಾಳಿಯಲ್ಲದೆ ಇನ್ನೊಂದು ಹಾದಿಯೂ ಉಂಟು. ಅದು ತಲೆಬುರುಡೆಯ ಎಲುಬು. ತಗ್ಗಿನ ಸ್ವರಗಳನ್ನು ಎಲುಬು ಚೆನ್ನಾಗಿ ಸಾಗಿಸುವುದರಿಂದ ಅವರವರ ದನಿ ಅವರವರಿಗೆ ತುಂಬಿದಂತೆ ಕೇಳುತ್ತದೆ. ನಂಬಿಕೆ ಬಾರದಿದ್ದರೆ ಎರಡು ಕಿವಿಗಳನ್ನೂ ಬೆರಳಿನಿಂದ ಮುಚ್ಚಿಕೊಂಡು ಒಂದು ಚಕ್ಕುಲಿ ಕಡಿದು ನೋಡಿ. ಪಕ್ಕದವರಿಗೆ ಸಣ್ಣಗೆ ಕೇಳುವ ಸದ್ದು ನಿಮಗೆ ಬಂಡೆ ಒಡೆದಂತೆ ಕೇಳೀತು.

ಶಬ್ದ ಹೇಗೆ ಹುಟ್ಟುತ್ತದೆಂಬುದನ್ನು ನಮ್ಮ ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿಯೇ ತನ್ನ ವ್ಯಾಕರಣದಲ್ಲಿ ವಿಚಾರ ಮಾಡಿದ್ದಾನೆ. ಅದು ಕೇಳುವವನನ್ನು ಹೇಗೆ ಸೇರುತ್ತದೆಂಬ ಪ್ರಶ್ನೆ ನನ್ನ ಪಾಲಿಗೆ ಬಂದುದು ಮಾತ್ರ ಪುಸ್ತಕದಿಂದಲ್ಲ, ಪೀಣ್ಯದಿಂದ.

ನನ್ನ ಹಳೆಯ ಶಿಷ್ಯನೊಬ್ಬ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುತ್ತಾನೆ. ಬೆಳಗಿನ ಜಾವ ತುಮಕೂರು ರಸ್ತೆಯ ಬದಿಯಲ್ಲಿ ಓಡುವುದು ಅವನ ಅಭ್ಯಾಸ. ತಲೆಯ ಮೇಲೆ ಮೆಟ್ರೋ, ಪಕ್ಕದಲ್ಲಿ ಲಾರಿ, ನೀರಿನ ಟ್ಯಾಂಕರು, ಕಂಪನಿಯ ಬಸ್ಸು. ಓಟಕ್ಕೆ ಅದು ಹೇಳಿ ಮಾಡಿಸಿದ ಜಾಗವಲ್ಲ. ಆದರೆ ದುಡಿಯುವವನಿಗೆ ಉದ್ಯಾನವನ ಎಲ್ಲಿಂದ ಬರಬೇಕು? ಒಂದು ದಿನ ಎರಡು ಕಿವಿಗೂ ಇಯರ್‌ಫೋನ್ ತುರುಕಿಕೊಂಡು ಓಡುತ್ತಿದ್ದಾಗ ಲಾರಿಯೊಂದು ಹಿಂದಕ್ಕೆ ಬರುತ್ತಿತ್ತು. ಕ್ಲೀನರ್ ಹುಡುಗ "ಬರ್ಲಿ, ಬರ್ಲಿ" ಎನ್ನುತ್ತಿದ್ದವನು ಇವನನ್ನು ಕಂಡು "ಹೋಲ್ಡಾನ್!" ಎಂದು ಕೂಗಿ ಲಾರಿಯ ಮೈ ಬಡಿದನಂತೆ. ಇವನಿಗೆ ಯಾವುದೂ ಕೇಳಲಿಲ್ಲ. ಮೊಣಕೈ ತರಚಿತು, ಪ್ರಾಣ ಉಳಿಯಿತು.

ಆ ಮೇಲೆ ಅವನು ಕೊಂಡದ್ದೇ ಎಲುಬಿನ ಮೂಲಕ ಕೇಳಿಸುವ ಹೆಡ್‌ಫೋನ್. ನನಗೂ ತಂದು ತೋರಿಸಿದ. ಕತ್ತಿನ ಹಿಂದೆ ಬಳಸಿ ಬರುವ ತೆಳ್ಳನೆಯ ಪಟ್ಟಿ. ತೂಕ ಮೂವತ್ತು ಗ್ರಾಂ ಆಸುಪಾಸು. ಅದರ ಎರಡು ತುದಿಗಳು ಕಿವಿಯೊಳಕ್ಕೆ ಹೋಗದೆ, ಕಿವಿಯ ಮುಂದೆ ಕೆನ್ನೆಯ ಎಲುಬಿನ ಮೇಲೆ ಒತ್ತಿ ನಿಲ್ಲುತ್ತವೆ. ಒಳಗಿನ ಪುಟ್ಟ ಯಂತ್ರ ಮಿಡಿಯುತ್ತದೆ, ಎಲುಬು ನಡುಗುತ್ತದೆ, ಹಾಡು ಕೇಳುತ್ತದೆ. ಕಿವಿಯ ಬಾಗಿಲು ಮಾತ್ರ ತೆರೆದೇ ಇರುತ್ತದೆ. ಹಾರ್ನೂ ಕೇಳುತ್ತದೆ, ಕ್ಲೀನರನ ಕೂಗೂ ಕೇಳುತ್ತದೆ.

ಇದು ಸಂತೋಷದ ಮಾತು. ಆದರೆ ಹುಡುಗನ ಮನಸ್ಸಿನಲ್ಲಿ ಇನ್ನೊಂದು ಆಸೆಯೂ ಇತ್ತು. ಅವನ ತಂದೆ ಮೂವತ್ತು ವರ್ಷ ಪವರ್ ಪ್ರೆಸ್ಸಿನ ಮುಂದೆ ನಿಂತು ದುಡಿದವರು. ಈಗ ಕಿವಿ ಮಂದ. "ಕಿವಿಯನ್ನೇ ಬಿಟ್ಟು ಎಲುಬಿನಲ್ಲಿ ಹೋಗುತ್ತಲ್ಲ ಮೇಷ್ಟ್ರೇ, ಅಪ್ಪನಿಗೆ ಕೇಳಬೇಕಲ್ಲವೇ?" ಎಂದು ನನ್ನೆದುರಿಗೇ ಅವರಿಗೆ ತೊಡಿಸಿದ. ಅವರು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿ, "ಗುಂಯ್ ಅಂತದೆ ಸ್ವಾಮಿ, ಮಾತು ಬಿಡಿಸಿ ತಿಳಿಯಲ್ಲ" ಎಂದು ತೆಗೆದು ಮಗನ ಕೈಗಿತ್ತರು.

ಏಕೆ ಹೀಗಾಯಿತು? ಹಂಗೆರಿಯಲ್ಲಿ ಹುಟ್ಟಿದ ಗೇಯಾರ್ಗ್ ಫಾನ್ ಬೇಕೆಶಿ ಎಂಬ ವಿಜ್ಞಾನಿ ೧೯೩೨ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಂದೇ ಸ್ವರವನ್ನು ಗಾಳಿಯ ಹಾದಿಯಲ್ಲಿಯೂ ಎಲುಬಿನ ಹಾದಿಯಲ್ಲಿಯೂ ಕಳುಹಿಸಿ, ಅಳೆದು ಹೊಂದಿಸಿದಾಗ ಒಂದು ಇನ್ನೊಂದನ್ನು ಅಳಿಸಿ ಸ್ವರವೇ ಕೇಳದಂತಾಯಿತು. ಎಂದಮೇಲೆ ಹಾದಿ ಎರಡಾದರೂ ಸೇರುವ ಊರು ಒಂದೇ. ಒಳಗಿವಿಯ ಕಾರ್ಯವನ್ನು ಕುರಿತ ಸಂಶೋಧನೆಗಾಗಿ ಅವರಿಗೆ ೧೯೬೧ರಲ್ಲಿ ನೊಬೆಲ್ ಬಹುಮಾನ ಬಂದಿತು.

ಆ ಊರು ಒಳಗಿವಿಯಲ್ಲಿರುವ ಬಸವನಹುಳುವಿನ ಚಿಪ್ಪಿನಂಥ ಸುರುಳಿ. ಅದರೊಳಗಿನ ರೋಮದಂಥ ಸೂಕ್ಷ್ಮ ಎಳೆಗಳುಳ್ಳ ಜೀವಕೋಶಗಳೇ ಅಲುಗಾಟವನ್ನು ನರಕ್ಕೆ ಒಪ್ಪಿಸತಕ್ಕವು. ವರ್ಷಗಟ್ಟಲೆ ಯಂತ್ರದ ಅಬ್ಬರ ಬಿದ್ದರೆ ಅವು ನಾಶವಾಗುತ್ತವೆ. ಮನುಷ್ಯನಲ್ಲಿ ಅವು ಮತ್ತೆ ಹುಟ್ಟಲಾರವು. ಸಾಮಾನ್ಯವಾಗಿ ಮೊದಲು ಹೋಗುವುದು ಎತ್ತರದ ಸ್ವರ, ಸೆಕೆಂಡಿಗೆ ೪೦೦೦ ಕಂಪನದ ಆಸುಪಾಸಿನದು. ಭಾಷೆಯ ಲೆಕ್ಕದಲ್ಲಿ ಹೇಳುವುದಾದರೆ ಸ್ವರಾಕ್ಷರಗಳು ಉಳಿಯುತ್ತವೆ; ಸ, ಶ, ತ, ಕ ಮೊದಲಾದ ವ್ಯಂಜನಗಳು ಮಸುಕಾಗುತ್ತವೆ. ಮಾತು ಕೇಳುತ್ತದೆ, ಅರ್ಥ ಜಾರುತ್ತದೆ. ಮನೆಯವರು "ಕೇಳಿಯೂ ಕೇಳದ ಹಾಗೆ ಇರುತ್ತಾರೆ" ಎಂದು ದೂರುತ್ತಾರೆ. ಪಾಪ, ಅವರ ತಪ್ಪಲ್ಲ.

ಕಿವಿಯ ತಮಟೆಯಲ್ಲಿಯೋ ನಡುಗಿವಿಯ ಪುಟ್ಟ ಎಲುಬುಗಳಲ್ಲಿಯೋ ದೋಷವಿದ್ದರೆ ಕಥೆ ಬೇರೆ. ಆಗ ಎಲುಬಿನ ಹಾದಿ ನಿಜವಾಗಿಯೂ ನೆರವಾಗುತ್ತದೆ. ೧೯೭೭ರಿಂದ ಈಚೆಗೆ ತಲೆಬುರುಡೆಗೇ ನಾಟುವ ಶ್ರವಣ ಸಾಧನಗಳೂ ಬಂದಿವೆ. ದೋಷ ಯಾವ ಬಗೆಯದೆಂದು ಅರಿಯಲು ವೈದ್ಯರು ಶ್ರುತಿಕವೆಯನ್ನು ಮಿಡಿದು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಪರೀಕ್ಷಿಸುವುದುಂಟು. ಜರ್ಮನಿಯ ರಿನ್ನೆ ಎಂಬ ವೈದ್ಯನು ೧೮೫೫ರಲ್ಲಿ ತಿಳಿಸಿದ ಉಪಾಯವದು. ೧೯೬೫ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಯಂತ್ರಗಳಿಂದ ಇನ್ನೂ ನಿಖರವಾಗಿ ಅಳೆಯುತ್ತಾರೆ.

ಆದಕಾರಣ ಈ ಸಾಧನವನ್ನು ಕೊಳ್ಳುವವರಿಗೆ ಎರಡು ಮಾತು. ಇದು ಕಿವಿಯನ್ನು ತೆರೆದಿಡುತ್ತದೆಯೇ ಹೊರತು ಕಾಯುವುದಿಲ್ಲ. ಗದ್ದಲದ ರಸ್ತೆಯಲ್ಲಿ ಹಾಡು ಕೇಳಿಸದೆಂದು ದನಿ ಏರಿಸುತ್ತ ಹೋದರೆ ಏಟು ಬೀಳುವುದು ಅದೇ ಸುರುಳಿಗೆ. ದೊಡ್ಡವರು ೮೦ ಡೆಸಿಬಲ್ ಮಟ್ಟದ ಸದ್ದನ್ನು ವಾರಕ್ಕೆ ೪೦ ಗಂಟೆಗಿಂತ ಹೆಚ್ಚು ಕೇಳಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ರಸ್ತೆಯ ಸದ್ದು ಹಾಡನ್ನು ಮುಳುಗಿಸುವ ಕಡೆ ಹಾಡನ್ನು ನಿಲ್ಲಿಸುವುದೇ ಮೇಲು. ಕಿವಿ ತೆರೆದಿದ್ದು ಮನಸ್ಸು ಹಾಡಿನಲ್ಲಿದ್ದರೂ ಲಾರಿ ಲಾರಿಯೇ.

ಎರಡನೆಯದು, ಯಂತ್ರದ ಮುಂದೆ ನಿಲ್ಲುವವರಿಗೆ. ಒಂದು ತೋಳಿನಷ್ಟು ದೂರದಲ್ಲಿರುವವನೊಡನೆ ಕೂಗಿ ಮಾತನಾಡಬೇಕಾದರೆ ಆ ಸದ್ದು ಕಿವಿಗೆ ಅಪಾಯಕರವೆಂದು ತಿಳಿಯಿರಿ. ಅಲ್ಲಿ ಬೇಕಾದದ್ದು ಹಾಡಲ್ಲ, ಸದ್ದನ್ನು ತಡೆಯುವ ಬಿರಡೆ.

ನನ್ನ ಶಿಷ್ಯ ಈಗ ಬೆಳಗಿನ ಓಟದಲ್ಲಿ ಕಿವಿ ತೆರೆದಿಡುತ್ತಾನೆ, ಲೇತಿನ ಮುಂದೆ ಬಿರಡೆ ಇಟ್ಟುಕೊಳ್ಳುತ್ತಾನೆ. ತಂದೆಯನ್ನು ಶ್ರವಣ ಪರೀಕ್ಷೆಗೆ ಕರೆದೊಯ್ದಿದ್ದ. ಶ್ರವಣ ಸಾಧನದಿಂದ ಸ್ವಲ್ಪ ಪ್ರಯೋಜನವಾದೀತು, ಹೋದದ್ದು ಮಾತ್ರ ಬಾರದು ಎಂದರಂತೆ. "ಆವಾಗ ನಮಗೆ ಯಾರೂ ಹೇಳಲಿಲ್ಲ ಸ್ವಾಮಿ" ಎಂದರು ಆ ಹಿರಿಯರು. ನಿಮ್ಮ ಮನೆಯಲ್ಲಿ ಕಾರ್ಖಾನೆಗೆ ಹೋಗುವ ಮಕ್ಕಳಿದ್ದರೆ, ಇಂದು ರಾತ್ರಿ ಊಟಕ್ಕೆ ಕುಳಿತಾಗ ಅವರಿಗೆ ಹೇಳಿ.