ವಿದ್ಯುತ್ಪ್ರವಾಹದ ಅಳತೆಯೂ ಮ್ಯಾಂಗನಿನ್ ಪಟ್ಟಿಯೂ



ವಿದ್ಯುತ್ಪ್ರವಾಹವು ಕಣ್ಣಿಗೆ ಕಾಣತಕ್ಕ ವಸ್ತುವಲ್ಲ. ಕೊಳಗದಿಂದ ಧಾನ್ಯವನ್ನು ಅಳೆದಂತೆ ಅದನ್ನು ಅಳೆಯಲು ಬಾರದು. ಪ್ರವಾಹದ ಮಾರ್ಗದಲ್ಲಿ ಗೊತ್ತಾದ ಒಂದು ತಡೆಯನ್ನಿಟ್ಟು, ಅದರ ಎರಡು ತುದಿಗಳ ನಡುವೆ ಎಷ್ಟು ವೋಲ್ಟಿನ ಅಂತರ ಉಂಟಾಗುವುದೆಂಬುದನ್ನು ನೋಡಿ, ಪ್ರವಾಹವು ಇಷ್ಟೆಂದು ಲೆಕ್ಕಹಾಕಬೇಕು. 1827ರಲ್ಲಿ ಜರ್ಮನಿಯ ಓಮ್ ಎಂಬ ಪಂಡಿತನು ಪ್ರಕಟಿಸಿದ ನಿಯಮವೇ ಇದಕ್ಕೆ ಆಧಾರ. ಈ ತಡೆಗೆ ಷಂಟ್ ಎಂದು ಹೆಸರು. 100 ಆಂಪಿಯರ್ ಹರಿದಾಗ 75 ಮಿಲಿವೋಲ್ಟ್ ಕೊಡುವ ಷಂಟಿನ ತಡೆಯು 0.00075 ಓಮ್ ಮಾತ್ರ.

ಇಷ್ಟು ಕಿರಿದಾದ ತಡೆಯನ್ನು ತಾಮ್ರದಿಂದಲೇ ಮಾಡಬಾರದೇ ಎಂದರೆ, ಕೇಳತಕ್ಕ ಪ್ರಶ್ನೆಯೇ ಸರಿ. ಪ್ರವಾಹವು ಹರಿದಾಗ ಪಟ್ಟಿಯು ಕಾಯುತ್ತದೆ. ತಾಮ್ರವು ಒಂದು ಡಿಗ್ರಿ ಸೆಲ್ಸಿಯಸ್ ಕಾದರೆ ಅದರ ತಡೆಯು ನೂರಕ್ಕೆ ಸುಮಾರು 0.39ರಷ್ಟು ಏರುತ್ತದೆ, 40 ಡಿಗ್ರಿ ಕಾದರೆ ಸುಮಾರು 16ರಷ್ಟು. ಆಗ ನಿಜವಾಗಿ ಹರಿಯುವುದು 100 ಆಂಪಿಯರ್ ಆದರೂ ಮಾಪಕದ ಮುಳ್ಳು 116ನ್ನು ತೋರಿಸುವುದು. ಅಳೆಯಲ್ಪಡುವ ಪದಾರ್ಥವೇ ಅಳತೆಗೋಲನ್ನು ಕೆಡಿಸಿದಂತಾಯಿತು! ವಿದ್ಯುತ್ತನ್ನು ಅಳೆದು ಮಾರುವ ವ್ಯವಹಾರದಲ್ಲಿ ಇದು ಸಣ್ಣ ದೋಷವಲ್ಲ. ಕೊಳ್ಳುವವನು ತನಗೆ ಬಾರದುದಕ್ಕೂ ಹಣ ತೆರಬೇಕಾದೀತು.

ಲೋಹವೆಂಬುದು ಕಾದಷ್ಟೂ ಹೆಚ್ಚು ತಡೆಯೊಡ್ಡುವುದೆಂದೇ ಪೂರ್ವದಲ್ಲಿ ತಿಳಿಯಲಾಗಿದ್ದಿತು. ಇಂಗ್ಲೆಂಡಿನಲ್ಲಿ 1850ರಲ್ಲಿ ಜನಿಸಿ, 1870ರಲ್ಲಿ ಅಮೇರಿಕೆಗೆ ಹೋಗಿ, ನೆವಾರ್ಕ್ ನಗರದಲ್ಲಿ ನೆಲಸಿದ ಎಡ್ವರ್ಡ್ ವೆಸ್ಟನ್ನನು ಈ ತಿಳಿವಳಿಕೆಗೆ ಕಟ್ಟುಬೀಳದೆ ನಾನಾ ಮಿಶ್ರಲೋಹಗಳನ್ನು ಪರೀಕ್ಷಿಸಿದನು. 1880ರ ದಶಕದಲ್ಲಿ ಆತನಿಗೆ ದೊರೆತುದೇ ಮ್ಯಾಂಗನಿನ್. ಅದರಲ್ಲಿ ನೂರಕ್ಕೆ ಸುಮಾರು 84 ಭಾಗ ತಾಮ್ರ, 12 ಭಾಗ ಮ್ಯಾಂಗನೀಸ್, ಉಳಿದುದು ನಿಕಲ್. ಸಾಧಾರಣ ಉಷ್ಣತೆಯಲ್ಲಿ ಡಿಗ್ರಿಯೊಂದಕ್ಕೆ ಅದರ ತಡೆಯು ಬದಲಾಗುವುದು ಲಕ್ಷಕ್ಕೆ ಒಂದೆರಡು ಭಾಗವಷ್ಟೆ.

ಕಾನ್ಸ್ಟಂಟಾನ್ ಎಂಬ ತಾಮ್ರ-ನಿಕಲ್ ಮಿಶ್ರಣವೂ ವೆಸ್ಟನ್ನನ ಪರಿಶ್ರಮದಿಂದಲೇ ಬಂದುದು. ಅದರ ತಡೆಯೂ ಬಹಳ ಸ್ಥಿರ. ಆದರೂ ಸೂಕ್ಷ್ಮವಾದ ಷಂಟುಗಳಿಗೆ ಅದು ಒಗ್ಗದು. ತಾಮ್ರದೊಡನೆ ಬೆಸೆದಾಗ, ಎರಡು ಬೆಸುಗೆಗಳ ಉಷ್ಣತೆಯಲ್ಲಿ 10 ಡಿಗ್ರಿ ವ್ಯತ್ಯಾಸವಿದ್ದರೂ ಸಾಕು, ಸುಮಾರು 0.4 ಮಿಲಿವೋಲ್ಟ್ ತಾನೇ ತಾನಾಗಿ ಹುಟ್ಟಿ ಲೆಕ್ಕದಲ್ಲಿ ಸೇರಿಬಿಡುತ್ತದೆ. ಮ್ಯಾಂಗನಿನ್ನಿನಲ್ಲಿ ಈ ಪೀಡೆ ಅತ್ಯಲ್ಪ.

ಲೋಹವು ಒಳ್ಳೆಯದಾದ ಮಾತ್ರಕ್ಕೆ ಅಳತೆಯು ಸರಿಬಂದೀತೆಂದು ಹೇಳಲಾಗದು. ದೊಡ್ಡ ತಂತಿಯನ್ನು ಬಿಗಿದ ತಿರುಪಿನ ಸಂಧಿಯಲ್ಲಿಯೂ ತಡೆಯುಂಟು. ಅದು ಕೆಲವು ವೇಳೆ ಷಂಟಿನ ತಡೆಗೇ ಸರಿಗಟ್ಟುವುದು. ಆದುದರಿಂದ ಷಂಟಿಗೆ ನಾಲ್ಕು ತುದಿಗಳನ್ನಿಡುವರು: ಪ್ರವಾಹವು ಬಂದು ಹೋಗಲು ಹೊರಗಿನ ಎರಡು, ವೋಲ್ಟನ್ನು ನೋಡಲು ಒಳಗಿನ ಎರಡು. ಹೊರಗಿನ ಸಂಧಿಗಳ ದೋಷವು ಒಳಗಿನವಕ್ಕೆ ತಗಲದು.

ಇಂದು ವಿದ್ಯುತ್ ವಾಹನಗಳ ಬ್ಯಾಟರಿಗೆ ಎಷ್ಟು ತುಂಬಿತು, ಎಷ್ಟು ವ್ಯಯವಾಯಿತೆಂಬ ಲೆಕ್ಕವನ್ನು ಅನೇಕ ಕಡೆ ಇಂತಹ ಪಟ್ಟಿಯೇ ಇಡುತ್ತದೆ. ಆದರೆ ಮ್ಯಾಂಗನಿನ್ನಿಗೂ ಮಿತಿಯುಂಟು. ಸುಮಾರು 140 ಡಿಗ್ರಿಯನ್ನು ಮೀರಿ ಕಾದರೆ ಅದರ ತಡೆಯು ಬದಲಾಗಿ, ತಣಿದ ಮೇಲೂ ಮೊದಲಿನಂತಾಗದು. ಇದನ್ನರಿತ ಯಂತ್ರಜ್ಞರು 100 ಆಂಪಿಯರಿನ ಷಂಟಿನಲ್ಲಿ ಎಡೆಬಿಡದೆ ಹರಿಸುವುದು 66 ಆಂಪಿಯರಿನಷ್ಟನ್ನೇ.